ಬೇರೆ ಎಂಜಿನ್ನಿನ ಮ್ಯಾನುಯಲ್ ಕಳಿಸಿ ವಾಪಸ್ ತಗೊಳ್ಳದ ಬಗ್ಗೆ ದೂರು

ಇಂದ: ಗ್ಯಾರೇಜ್ ಮಾಲೀಕ, ಗಂಗಾವತಿ, ಕೊಪ್ಪಳ ಜಿಲ್ಲೆ
ಗೆ: ಕುಂದುಕೊರತೆ ಅಧಿಕಾರಿಗಳು, ಮ್ಯಾನುಯಲ್ ಮಾರಿದ ಆನ್‌ಲೈನ್ ಅಂಗಡಿ

ಮಾನ್ಯರೇ,

ಮೂರು ವಾರದಲ್ಲಿ ನಿಮ್ಮ ಕಸ್ಟಮರ್ ಕೇರ್‌ಗೆ ಏಳು ಸಲ ಫೋನ್ ಮಾಡಿದ್ದೇನೆ. ಏಳು ಸಲವೂ ಸಮಾಧಾನದಿಂದಲೇ ಮಾತಾಡಿದ್ದೇನೆ. ನಿನ್ನೆ ಸಂಜೆ ಆದ ಮಾತಿನ ಮೇಲೆ ಇನ್ನು ಫೋನ್ ಮಾಡುವ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ನನ್ನದು 2008ರ ಬೊಲೆರೊ ಪಿಕಪ್. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು, ಹೋಗಿದೆ, ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತಿತ್ತು. ಹೆಡ್ ಬಿಚ್ಚುವುದು ನನಗೆ ಹೊಸದಲ್ಲ. ಆದರೆ ತಿರುಗಿ ಕೂರಿಸುವಾಗ ಬೋಲ್ಟುಗಳನ್ನು ಅಂದಾಜಿನ ಮೇಲೆ ಬಿಗಿಯುವ ಹಾಗಿಲ್ಲ. ನಡುವಿನಿಂದ ಶುರು ಮಾಡಿ ಹೊರಗಿನವರೆಗೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾ ಹಿಡಿದು ಅಳತೆ ಪ್ರಕಾರ ಬಿಗಿಯಬೇಕು. ಕಮ್ಮಿಯಾದರೆ ಗ್ಯಾಸ್ಕೆಟ್ ಮತ್ತೆ ಸೋರುತ್ತದೆ, ಜಾಸ್ತಿಯಾದರೆ ಬೋಲ್ಟ್ ಮುರಿಯುತ್ತದೆ. ಆ ಅಳತೆ, ವಾಲ್ವ್ ಕ್ಲಿಯರೆನ್ಸ್, ಪಂಪ್ ಟೈಮಿಂಗ್ ಸಿಗುವುದು ರಿಪೇರಿ ಮಾಡುವವರ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ. ಗಾಡಿ ಜೊತೆ ಬರುವ ಓನರ್ಸ್ ಪುಸ್ತಕ ಇದಕ್ಕೆ ಸಾಲದು. ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಬರೀ ಚಿತ್ರ, ನಂಬರ್.

ಇದೆಲ್ಲ ಹೇಳಿಯೇ ಆರ್ಡರ್ ಮಾಡಿದೆ. ಚಾಸಿ ಪ್ಲೇಟ್, ಎಂಜಿನ್ ನಂಬರ್, ಡೀಸೆಲ್ ಪಂಪ್, ಮೂರರ ಫೋಟೋನೂ ಕಳಿಸಿದೆ. ‘ಇದೇ ಸರ್, ನಿಮ್ಮ ಗಾಡೀದೇ’ ಅಂತ ನಿಮ್ಮವರು ಬರೆದು ಕಳಿಸಿದ ಮೇಲೆಯೇ 1,850 ರೂಪಾಯಿ ಹಾಕಿದ್ದು. ಬಂದದ್ದು ಕಾಮನ್ ರೈಲ್ ಎಂಜಿನ್ನಿನ ಪುಸ್ತಕ. ಅದರಲ್ಲಿ ರೈಲ್ ಅನ್ನುವ ಒಂದೇ ಪೈಪಿನಲ್ಲಿ ಡೀಸೆಲ್ ಒತ್ತಡದಲ್ಲಿ ನಿಂತಿರುತ್ತದೆ, ಕಂಪ್ಯೂಟರ್ ಹೇಳಿದ ಹಾಗೆ ಸಿಂಪಡಿಸುತ್ತದೆ. ನನ್ನ ಗಾಡಿಯಲ್ಲಿರುವುದು ಮೆಕ್ಯಾನಿಕಲ್ ಪಂಪ್. ಪಂಪಿನಿಂದ ನಾಲ್ಕು ಸ್ಟೀಲ್ ಪೈಪು ಹೊರಟು ನೇರ ನಾಲ್ಕು ನಾಜಲ್‌ಗೆ ಹೋಗುತ್ತವೆ. ರೈಲ್ ಇಲ್ಲ, ಇಸಿಯು ಅನ್ನುವ ಆ ಕಂಪ್ಯೂಟರೂ ಇಲ್ಲ. ಪುಸ್ತಕದ ಡೀಸೆಲ್ ಭಾಗ ತೆಗೆದರೆ ಸ್ಕ್ಯಾನರ್ ಹಾಕಿ ಕೋಡ್ ನೋಡಿ ಅಂತಿದೆ. ಸ್ಕ್ಯಾನರ್ ಹಾಕಲು ನನ್ನ ಗಾಡಿಯಲ್ಲಿ ಸಾಕೆಟ್ಟೇ ಇಲ್ಲ.

ಇನ್ನು ನಿನ್ನೆಯ ಮಾತು. ಸಂಜೆ ಆರೂವರೆ. ಕೈಯೆಲ್ಲ ಗ್ರೀಸ್ ಇತ್ತು, ಫೋನನ್ನು ಬಾನೆಟ್ ಮೇಲಿಟ್ಟು ಸ್ಪೀಕರ್ ಹಾಕಿದ್ದೆ. ಭತ್ತದ ಟ್ರ್ಯಾಕ್ಟರ್ ತಂದಿದ್ದ ಇಬ್ಬರು ರೈತರು, ನನ್ನ ಹತ್ತಿರ ಕೆಲಸ ಕಲಿಯುವ ಹುಡುಗ ಅಲ್ಲೇ ಇದ್ದರು. ನಿಮ್ಮ ಹುಡುಗ ಆರ್ಡರ್ ನಂಬರ್ ಮೂರು ಸಲ ಕೇಳಿದ. ಮೂರು ಸಲವೂ ಹೇಳಿದೆ. ಆಮೇಲೆ, “ಎರಡೂ 2523 ಸಿಸಿನೇ ಅಲ್ವಾ ಸರ್, ಇನ್ನೇನು ವ್ಯತ್ಯಾಸ?” ಅಂದ. ಸಿಸಿ ಒಂದೇ ಇದ್ದರೂ ಡೀಸೆಲ್ ಕೊಡುವ ರೀತಿಯೇ ಬೇರೆ ಅಂತ ಬಿಡಿಸಿ ಹೇಳಿದೆ. ಆ ಕಡೆ ಸುಮ್ನೆ ಕೀಬೋರ್ಡ್ ಸದ್ದು. ಆಮೇಲೆ ಕೇಳಿದ: “ನಿಮಗೆ ಇಂಗ್ಲಿಷ್ ಓದೋಕೆ ಬರುತ್ತಾ? ಬರದಿದ್ರೆ ಓದಿದವರ ಹತ್ರ ತೋರಿಸಿ, ಆಮೇಲೆ ರಿಟರ್ನ್ ಕೇಳಿ.”

ನಾನು ಐಟಿಐನಲ್ಲಿ ಎರಡು ವರ್ಷ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಕಲಿತು ಪಾಸಾದವನು. ಅದನ್ನು ಹೇಳಬೇಕೆಂದರೆ ಬಾಯಿಗೆ ಮಾತೇ ಬರಲಿಲ್ಲ. ರೈತರು ಬೇರೆ ಕಡೆ ನೋಡಿದರು. ಹುಡುಗ ಬಂದು ತನ್ನ ಬನಿಯನ್ ತುದಿಯಿಂದ ಫೋನ್ ಒರೆಸಿ, “ಕಟ್ ಮಾಡ್ಲಾ ಉಸ್ತಾದ್?” ಅಂದ. ಉಸ್ತಾದ್ ಅನ್ನುವ ಹುಡುಗನ ಎದುರು ಅದನ್ನು ಕೇಳಿಸಿಕೊಂಡೆನಲ್ಲ, ಅದು ಇನ್ನೂ ಚುಚ್ಚುತ್ತಿದೆ. ತಪ್ಪು ಪುಸ್ತಕ ಕಳಿಸಿದ್ದು ನೀವು. ಓದು ಬರುವುದಿಲ್ಲ ಅನ್ನಿಸಿಕೊಂಡವನು ನಾನು. ಇದು ಯಾವ ನ್ಯಾಯ?

ನಿಮ್ಮ ಬಿಲ್ಲಿನ ಹಿಂದೆ ಇರುವ ಹತ್ತು ದಿನದ ವಾಪಸಾತಿ ನಿಯಮ ನಿಮಗೆ ಗೊತ್ತೇ ಇದೆ. ನಾನು ಪಾರ್ಸೆಲ್ ಬಂದ ಎರಡನೇ ದಿನವೇ ಹೇಳಿದ್ದೇನೆ. 2020ರ ಇ-ಕಾಮರ್ಸ್ ನಿಯಮದಂತೆ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನ್ನ ಮೇಲ್‌ಗೆ ಇವತ್ತಿನವರೆಗೆ ಒಂದು ಸಾಲಿನ ಉತ್ತರವೂ ಇಲ್ಲ. ಕಾರಟಗಿ ಕಡೆ ಭತ್ತದ ಕಟಾವು ನಡೆದಿದೆ, ರೈಸ್ ಮಿಲ್ಲಿಗೆ ಚೀಲ ಹೊಡೆಯುವ ಬಾಡಿಗೆ ದಿನಾ ಕೈ ತಪ್ಪುತ್ತಿದೆ. ಗಾಡಿ ಹೆಡ್ ಬಿಚ್ಚಿಕೊಂಡು ಶೆಡ್‌ನಲ್ಲಿ ನಿಂತಿದೆ.

ಏಳು ದಿನ ಕೊಡುತ್ತೇನೆ. ಪುಸ್ತಕ ನಿಮ್ಮ ಖರ್ಚಿನಲ್ಲಿ ವಾಪಸ್ ತಗೊಂಡು 1,850 ರೂಪಾಯಿ ಪೂರ್ತಿ ಕೊಡಿ. ಇಲ್ಲವಾದರೆ ಮೊದಲು 1915 ಗ್ರಾಹಕ ಸಹಾಯವಾಣಿಗೆ, ಅಲ್ಲಿಂದ ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ನಾನು ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪ್ರತಿ ತಾರೀಖಿಗೂ ಬೆಂಗಳೂರಿನಿಂದ ಉತ್ತರ ಹೇಳಬೇಕಾದವರು ನೀವು. ನಿನ್ನೆಯ ಕರೆ ನನ್ನ ಫೋನಿನಲ್ಲಿ ರೆಕಾರ್ಡ್ ಆಗಿದೆ. ಆಯೋಗದ ಮುಂದೆ ಹಾಕಿ ಕೇಳಿಸುತ್ತೇನೆ. ದುಡ್ಡು ಬಂದರೂ ಸರಿ, ಆ ಮಾತಿಗೆ ಬರಹದಲ್ಲಿ ಕ್ಷಮೆ ಬರದಿದ್ದರೆ ಕೇಸ್ ಹಾಕಿಯೇ ಹಾಕುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಗಂಗಾವತಿ

ಜೊತೆಗೆ: ಬಿಲ್, ನಿಮ್ಮವರ ಮೆಸೇಜ್, ಎಂಜಿನ್ ಫೋಟೋ