ಬಿ.ಡಿ. ಓದೋ ಹುಡುಗ್ರು ಒಂದು ಮಳೆಗಾಲ ನಮ್ಮ ಕಡೆ ಇರ್ಲಿ

ಮಾನ್ಯ ಸಂಪಾದಕರೆ,

ನಮ್ಮ ಚರ್ಚಿನ ಸಭೆಯಿಂದ ಈ ವರ್ಷ ಒಬ್ಬ ಹುಡುಗ ಮಂಗಳೂರಿನ ಬಲ್ಮಠದ ಥಿಯಾಲಜಿ ಕಾಲೇಜಿಗೆ ಬಿ.ಡಿ., ಅಂದ್ರೆ ಪಾದ್ರಿ ಆಗೋರು ಮಾಡೋ ದೈವಶಾಸ್ತ್ರದ ಡಿಗ್ರಿ, ಓದೋಕೆ ಹೊರಟಿದಾನೆ. ಬೋಟಲ್ಲಿ ದುಡಿಯೋರ ಮನೆ ಮಗ, ನನ್ನ ಹತ್ರಾನೇ ಸಂಡೇ ಸ್ಕೂಲು ಕಲ್ತವ, ನನಗಂತೂ ಹೊಟ್ಟೆ ತುಂಬಿದ ಹಾಗಾಗಿದೆ. ಆದ್ರೆ ಒಂದು ಮಾತು ಬಹಳ ದಿನದಿಂದ ಮನಸ್ಸಲ್ಲಿದೆ, ಈಗ ಹೇಳ್ಬೇಕು ಅನ್ನಿಸ್ತು.

ಕೆಲವು ವರ್ಷದ ಹಿಂದೆ ಬೈತಖೋಲ್ ಕಡೆ ನಾಡದೋಣಿ ಮಗುಚಿ ಒಬ್ಬ ಹುಡುಗ ಹೋದ, ಮೂರನೇ ದಿನ ಶವ ಸಿಕ್ತು. ಆಗ ತಾನೆ ಥಿಯಾಲಜಿ ಮುಗಿಸಿ ಬಂದಿದ್ದ ಸಣ್ಣ ವಯಸ್ಸಿನ ಅಯ್ಯನವರು (ನಮ್ಮ ಪಾದ್ರಿ), ಒಳ್ಳೇ ಮನುಷ್ಯರೇ, ಮಣ್ಣು ಮಾಡೋ ಹೊತ್ತಲ್ಲಿ ಮಳೇಲಿ ನಿಂತು ಆರಾಧನೆ ಪುಸ್ತಕದಿಂದ ಅಕ್ಷರ ಬಿಡದೆ ಓದ್ತಾ ಇದ್ರು. ಪುಟ ನೆನೆದು ಅಂಟಿಕೊಂಡಿತ್ತು. ತಾಯಿ ಮಾತ್ರ ಗುಂಡಿ ಅಂಚಲ್ಲಿ ಕೂತು, ಅವನಿಗೆ ಚಳಿ ಆಗ್ತಿರಬಹುದಾ ಅಂತ ಕೊಂಕಣಿಯಲ್ಲಿ ಮತ್ತೆ ಮತ್ತೆ ಕೇಳ್ತಾ ಇದ್ರು. ಅಯ್ಯನವರಿಗೆ ಅದು ಅರ್ಥ ಆಗ್ಲಿಲ್ಲ. ಕೊನೆಗೆ ಒಬ್ಬ ಹಿರಿಯರು ಕೊಡೆ ಪಕ್ಕಕ್ಕಿಟ್ಟು ಆ ತಾಯಿ ಪಕ್ಕ ಕೂತು ಕೈ ಹಿಡ್ಕೊಂಡ್ರು, ಅವತ್ತು ನಮಗೆಲ್ಲ ಸಮಾಧಾನ ಸಿಕ್ಕಿದ್ದು ಅಲ್ಲಿಂದ್ಲೇ.

ಅಯ್ಯನವರನ್ನ ದೂರೋಕೆ ಇದನ್ನ ಬರೀತಿಲ್ಲ, ಅವರಿಗೆ ಯಾರೂ ಅದನ್ನ ಕಲಿಸಿರ್ಲಿಲ್ಲ ಅಷ್ಟೆ. ನಾಲ್ಕೈದು ವರ್ಷದ ಬಿ.ಡಿ.ಯಲ್ಲಿ ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಗ್ರೀಕ್, ಹೀಬ್ರೂ, ಸಭಾ ಇತಿಹಾಸ ಎಲ್ಲ ಇರುತ್ತೆ, ಡಿಗ್ರಿ ಕೊಡೋದು 1818ರಲ್ಲಿ ವಿಲಿಯಂ ಕೇರಿ ಮತ್ತವರ ಜೊತೆಗಾರರು ಶುರು ಮಾಡಿದ ಸೆರಾಂಪುರ್ ಕಾಲೇಜಿನ ಸೆನೆಟ್. ಗ್ರೀಕ್ ಬೇಡ ಅಂತ ನಾನು ಖಂಡಿತ ಹೇಳೋದಿಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಪಂಡಿತರ ಗ್ರೀಕ್ ಅಲ್ಲ, ಸಂತೆ ಬೀದಿ ಜನ ಆಡ್ತಿದ್ದ ಗ್ರೀಕ್ ಅಂತ ಹುಡುಗ್ರಿಗೆ ಕಾಲೇಜಲ್ಲೇ ಹೇಳಿಕೊಡ್ತಾರೆ, ಹಾಗಿದ್ಮೇಲೆ ಇಲ್ಲಿನ ಬಂದರದ ಮಾತು ಕಲಿಯೋದೂ ಅದೇ ಓದಿನ ಭಾಗ ಆಗ್ಬೇಕಲ್ವಾ? ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದೋರು ಜನರ ಜೊತೆ ಕೂತು ಭಾಷೆ ಕಲ್ತಿದ್ದಕ್ಕೇ 1843ರಲ್ಲಿ ಮೋಗ್ಲಿಂಗ್ ಅವರಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಬಂತು, 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಆ ಪರಂಪರೆಯವರು ನಾವು.

ಈಗಲೂ ಫೀಲ್ಡ್ ವರ್ಕ್ ಇದೆ, ಇಲ್ಲ ಅಂತಲ್ಲ. ಆದ್ರೆ ಭಾನುವಾರ ಬಂದು ಪ್ರಸಂಗ ಮಾಡಿ ಸಂಜೆ ಬಸ್ಸಿಗೆ ವಾಪಸ್ ಹೋದ್ರೆ ಏನು ಗೊತ್ತಾಗುತ್ತೆ? ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟಿಗೆ ನಿಷೇಧ, ಆಗ ಮನೇಲಿ ದುಡ್ಡಿಲ್ಲ, ಸಾಲ, ಕುಡಿತ, ಗಂಡ ಹೆಂಡ್ತಿ ಜಗಳ ಎಲ್ಲ ಆಗಲೇ. ಘಟ್ಟದ ಮೇಲೆ ಯಲ್ಲಾಪುರ ಹಳಿಯಾಳ ಕಡೆ ಸಿದ್ದಿ ಕ್ರೈಸ್ತರ ಮನೆಗಳಿವೆ, ಅಲ್ಲಿನ ಕಷ್ಟ ಇನ್ನೊಂದು ಥರ. ಆ ಮನೆಗಳಲ್ಲಿ ಚಾ ಕುಡಿದು, ಆಸ್ಪತ್ರೆಗೆ ಜೊತೆಗೆ ಹೋಗಿ, ಒಂದು ಇಡೀ ಮಳೆಗಾಲ ಕಳೆದವನಿಗೆ ಗುಂಡಿ ಹತ್ರ ಏನು ಹೇಳ್ಬೇಕು, ಯಾವಾಗ ಸುಮ್ನಿರ್ಬೇಕು ಅನ್ನೋದು ತಾನಾಗೇ ಬರುತ್ತೆ.

ಅದಕ್ಕೇ ನಮ್ಮ ಥಿಯಾಲಜಿ ಕಾಲೇಜುಗಳು, ಸಭೆಯ ಹಿರಿಯರು ಇದನ್ನ ಯೋಚಿಸ್ಲಿ. ಪದವಿಗೆ ಮುಂಚೆ ಕನಿಷ್ಠ ನಾಲ್ಕು ತಿಂಗಳು ಇಂಥ ಸಭೆಗಳಲ್ಲಿ ವಾಸ, ಜೊತೆಗೆ ಕರಾವಳಿಗೆ ಬರೋರಿಗೆ ಸ್ವಲ್ಪ ಕೊಂಕಣಿ. ಉಳಿಯೋಕೆ ಕೋಣೆ, ಊಟ ನಮ್ಮ ಸಭೆಯ ಮನೆಗಳಲ್ಲೇ ಆಗುತ್ತೆ, ಅದರ ಚಿಂತೆ ಬೇಡ, ಜೂನ್ ಮೊದಲ ವಾರ ಕಳಿಸಿ.

- ಸಂಡೇ ಸ್ಕೂಲಿನ ಒಬ್ಬ ಟೀಚರ್, ಕಾರವಾರ