ಸಂವಹನ ಪದವಿಯ ಬಗ್ಗೆ ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. "ಮಾತನಾಡಲು ಕಲಿಯುವುದಕ್ಕೂ ಪದವಿ ಬೇಕೇ?" ಎಂದು ಪೋಷಕರೊಬ್ಬರು ನಿನ್ನೆ ಇಲ್ಲಿ ಕೇಳಿದ್ದರು. ಬೇಕು ಎಂದೇ ನನ್ನ ಉತ್ತರ. ಅಲ್ಲಿ ಕಲಿಸುವುದು ಬರಿಯ ಭಾಷಣ ಕಲೆಯನ್ನಲ್ಲ; ನಾವು ಹೇಳಿದ್ದು ಎದುರಿನವರಿಗೆ ಬೇರೆಯಾಗಿ ಏಕೆ ಕೇಳಿಸುತ್ತದೆ ಎಂಬುದನ್ನು.

"ಸಂವಹನದಲ್ಲಿ ಪದಗಳ ಪಾಲು ಶೇ 7, ಉಳಿದದ್ದೆಲ್ಲ ದನಿ ಮತ್ತು ಮುಖಭಾವ" ಎಂಬ ಸಂದೇಶವನ್ನು ನೀವೂ ನೋಡಿರುತ್ತೀರಿ. ಅದರ ಮೂಲ, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಹೋದ್ಯೋಗಿಗಳು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಒಂಟಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಹೇಳಿದವರ ಮನಸ್ಸಿನಲ್ಲಿ ಪ್ರೀತಿಯಿದೆಯೋ ಅಸಮಾಧಾನವಿದೆಯೋ ಎಂದು ಊಹಿಸಲು ಕೇಳಿದ್ದರು. ಪಾಠಕ್ಕಾಗಲಿ, ವೈದ್ಯರ ಸಲಹೆಗಾಗಲಿ ಆ ಲೆಕ್ಕ ಹೊಂದುವುದಿಲ್ಲ. ಮೆಹ್ರೇಬಿಯನ್ ಅವರೇ ಹಾಗೆ ಸ್ಪಷ್ಟಪಡಿಸಿದ್ದಾರೆ. ಹೀಗೆ ಒಂದು ಅಂಕಿಯ ಬೆನ್ನು ಹತ್ತಿ ಮೂಲದವರೆಗೆ ಹೋಗುವ ಅಭ್ಯಾಸ ಹದಿನೆಂಟರ ವಯಸ್ಸಿನಲ್ಲೇ ಬಂದರೆ ಎಷ್ಟು ಒಳ್ಳೆಯದು!

ಈ ಪದವಿಯಲ್ಲಿ ಸಂದರ್ಶನ, ಗುಂಪು ಚರ್ಚೆ, ಮನವೊಲಿಕೆ, ಮಾಧ್ಯಮ ಇವೂ ಇರುತ್ತವೆ. ಕಾಲೇಜು ಆರಿಸುವಾಗ ಪಠ್ಯಕ್ರಮದಲ್ಲಿ ಸಂಶೋಧನಾ ವಿಧಾನವನ್ನು ಕಲಿಸುವ ವಿಷಯ ಇದೆಯೇ ಎಂದು ಮೊದಲು ನೋಡಿ. ಕ್ಯಾಮೆರಾ, ಸ್ಟುಡಿಯೊ ಆಮೇಲೆ.

ಪ್ರಶ್ನೆಗಳಿದ್ದರೆ ಭಾನುವಾರ ಸಂಜೆಯೊಳಗೆ ಇಲ್ಲಿಯೇ ಬರೆಯಿರಿ. ಮಕ್ಕಳೇ ಬರೆದರೆ ಇನ್ನೂ ಸಂತೋಷ.