ಕೈಗೆ ಬಂದ ಕಲಿಕೆ

ಮಾನ್ಯ ಸಂಪಾದಕರೇ,

ವಿಜ್ಞಾನ ಅಂದರೆ ಸೂತ್ರ, ಕಲೆ ಅಂದರೆ ಸ್ಫೂರ್ತಿ ಅಂತ ಮಕ್ಕಳಿಗೆ ಹೇಳುತ್ತೇವೆ. ಎರಡಕ್ಕೂ ಬೇಕಾದ ಕೈಕೌಶಲವನ್ನು ಮರೆತೇ ಬಿಡುತ್ತೇವೆ. ಲೇವನ್‌ಹುಕ್ ಬಟ್ಟೆ ವ್ಯಾಪಾರಿ. ತೀರಾ ಪುಟ್ಟ ಮಸೂರಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. 1670ರ ದಶಕದಲ್ಲಿ ಸೂಕ್ಷ್ಮಜೀವಿಗಳು ಅವರ ಕಣ್ಣಿಗೆ ಬಿದ್ದದ್ದು ಆ ಕೌಶಲದಿಂದಲೇ. ಗೆಲಿಲಿಯೊ ಅವರಿಗೆ ಚಿತ್ರ ಬರೆಯುವುದೂ ಗೊತ್ತಿತ್ತು. 1609ರಲ್ಲಿ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ, ನೆರಳು ಬೆಳಕಿನ ಚಿತ್ರಗಳನ್ನು ಬರೆದರು. ಅಲ್ಲಿ ಬೆಟ್ಟಗಳಿವೆ ಎಂದು ಆ ನೆರಳುಗಳಿಂದಲೇ ಗುರುತಿಸಿದರು. ಎಷ್ಟು ಚೆಂದ, ಅಲ್ವಾ? ಈಗ ವಿಜ್ಞಾನವೂ ಕಲೆಗೆ ನೆರವಾಗುತ್ತಿದೆ. ಹಳೆಯ ವರ್ಣಚಿತ್ರದ ಅಡಿಯಲ್ಲಿ ಅಡಗಿದ ಮೊದಲ ಚಿತ್ರವನ್ನು ಎಕ್ಸ್‌ರೇ ತೋರಿಸಬಲ್ಲದು. ಶಾಲೆಗಳು ಪ್ರಯೋಗಾಲಯಕ್ಕೂ ಚಿತ್ರಕಲೆಗೂ ಇನ್ನೂ ಜಾಸ್ತಿ ಸಮಯ ಕೊಡಲಿ.

– ಒಬ್ಬ ಓದುಗ